ಎಡಗೈಯಲ್ಲಿ ಬರೆದ ಕಾಗದ

2022ರ ಆಗಸ್ಟ್ 17, ಬುಧವಾರ. ಎರಡನೆಯ ಪಾಳಿಯ ಚಹಾ ವಿರಾಮ ಮುಗಿದು ಅರ್ಧ ಗಂಟೆಯಾಗಿರಬಹುದು. ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಶೀಟ್‌ಮೆಟಲ್ ಕಾರ್ಖಾನೆಯಲ್ಲಿ ನಾನು ನಡೆಸುತ್ತಿದ್ದ ಪವರ್ ಪ್ರೆಸ್ಸು ನನ್ನ ಬಲಗೈಯ ತೋರುಬೆರಳಿನ ಮೇಲಿನ ಎರಡು ಗೆಣ್ಣುಗಳನ್ನು ತೆಗೆದುಕೊಂಡುಬಿಟ್ಟಿತು. ನಡುಬೆರಳು ಜಜ್ಜಿಹೋದರೂ ಉಳಿಯಿತು. ಆ ಪ್ರೆಸ್ಸನ್ನು ಎರಡು ಗುಂಡಿಗಳನ್ನು ಎರಡೂ ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುವಂತೆ ಮಾಡಿರುತ್ತಾರೆ. ಕೈಗಳೆರಡೂ ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಇರಲು ಸಾಧ್ಯವಿಲ್ಲ ಎಂಬುದೇ ಅದರ ಉದ್ದೇಶ. ನಮ್ಮಲ್ಲಿ ಬಲಗಡೆಯ ಗುಂಡಿಯನ್ನು ಬೈಂಡಿಂಗ್ ತಂತಿಯಿಂದ ಒತ್ತಿ ಕಟ್ಟಲಾಗಿತ್ತು. ಹಾಗೆ ಕಟ್ಟಿದರೆ ಗಂಟೆಗೆ ಬೀಳುವ ತುಂಡುಗಳ ಲೆಕ್ಕ ಏರುತ್ತದೆ. ತಂತಿ ಕಟ್ಟಿದವರು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ, ಮೇಲ್ವಿಚಾರಕರು ದಿನಕ್ಕೆ ನಾಲ್ಕು ಬಾರಿ ಅದರ ಮುಂದೆಯೇ ಹಾದುಹೋಗುತ್ತಿದ್ದರು.

ನೋವಿನ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಆ ದಿನದಿಂದ ಹಿಡಿದು ಮುಂದಿನ ಒಂದೂವರೆ ವರ್ಷ, ಸಂಬಳ ನಿಂತ ದಿನಗಳಲ್ಲಿ ಸಿಗಬೇಕಾದ ಹಣಕ್ಕಾಗಿಯೂ ಹೋದ ಬೆರಳಿಗೆ ಸಿಗಬೇಕಾದ ಪರಿಹಾರಕ್ಕಾಗಿಯೂ ನಾನು ನಡೆದ ದಾರಿಯನ್ನು ಬರೆಯುತ್ತೇನೆ. ಆ ದಾರಿಯ ಬಹುಪಾಲು ಮೊದಲ ಎರಡು ದಿನಗಳಲ್ಲಿಯೇ ತೀರ್ಮಾನವಾಗಿತ್ತು ಎಂಬುದು ನನಗೆ ಅರಿವಾದದ್ದು ಬಹಳ ತಡವಾಗಿ.

ಕಾರ್ಖಾನೆಯವರು ನನ್ನನ್ನು ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಆಸ್ಪತ್ರೆಗೆ ಕರೆದೊಯ್ಯದೆ ಹತ್ತಿರದ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಕರೆದೊಯ್ದರು. ಆ ಹೊತ್ತಿನಲ್ಲಿ ಅದು ದಯೆಯಂತೆಯೇ ಕಂಡಿತು. ಕಾರಿನಲ್ಲಿ ಸಿಬ್ಬಂದಿ ವಿಭಾಗದ ವ್ಯವಸ್ಥಾಪಕರು ನನ್ನ ಭುಜ ಹಿಡಿದುಕೊಂಡು, "ಖರ್ಚೆಲ್ಲ ನಮ್ಮದು, ನೀನು ಚಿಂತೆ ಮಾಡಬೇಡ; ಡಾಕ್ಟರು ಕೇಳಿದರೆ ಮನೆಯಲ್ಲಿ ಬಾಗಿಲ ಸಂದಿಗೆ ಸಿಕ್ಕಿತು ಎಂದುಬಿಡು" ಎಂದರು. ನಾನು ತಲೆಯಾಡಿಸಿದೆನೆಂದು ನೆನಪು. ಆಗ ಅವರು ಏನು ಹೇಳಿದ್ದರೂ ತಲೆಯಾಡಿಸುತ್ತಿದ್ದೆ.

ನನ್ನ ಹೆಂಡತಿ ಬರುವ ಹೊತ್ತಿಗೆ ಕರ್ತವ್ಯದಲ್ಲಿದ್ದ ವೈದ್ಯರು ಗಾಯದ ವಿವರ ಬರೆದುಕೊಳ್ಳುತ್ತಿದ್ದರು, ಬಾಗಿಲಿನ ಮಾತು ಆಗಲೇ ಕಾಗದಕ್ಕೆ ಬೀಳುವುದರಲ್ಲಿತ್ತು. ನನ್ನ ಕೈಯ ಸುತ್ತ ಸುತ್ತಿದ್ದ ಹತ್ತಿಬಟ್ಟೆಯನ್ನು ಬಿಚ್ಚಿದಾಗ ಮಣಿಕಟ್ಟಿನವರೆಗೆ ರಕ್ತದ ಜೊತೆಗೆ ಕಪ್ಪು ಗ್ರೀಸ್ ಮೆತ್ತಿಕೊಂಡಿತ್ತು, ಉಗುರುಗಳ ಸಂದಿಯಲ್ಲಿ ತಗಡಿನ ಸಣ್ಣ ಚೂರುಗಳು ಹೊಳೆಯುತ್ತಿದ್ದವು. ಅವಳು ಆ ಕೈಯನ್ನು ವೈದ್ಯರ ಮುಂದೆ ಹಿಡಿದು, "ನಮ್ಮ ಮನೆಯ ಬಾಗಿಲಿಗೆ ಇಷ್ಟು ಗ್ರೀಸ್ ಹಾಕುವುದಿಲ್ಲ ಸಾರ್, ಇವರು ಡ್ಯೂಟಿ ಬಟ್ಟೆಯಲ್ಲಿಯೇ ಇದ್ದಾರೆ ನೋಡಿ" ಎಂದಳು. ವೈದ್ಯರು ಒಮ್ಮೆ ವ್ಯವಸ್ಥಾಪಕರತ್ತ ನೋಡಿದರು. ಆಮೇಲೆ ಬರೆದ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರಕ್ಕೆ ಸಿಲುಕಿ ಆದ ಗಾಯ ಎಂದು ಬರೆದರು. ಆ ಒಂದು ಸಾಲಿನ ಬೆಲೆ ಏನೆಂದು ಅವಳಿಗೂ ಆಗ ಗೊತ್ತಿರಲಿಲ್ಲ. ಸುಳ್ಳನ್ನು ಬರೆಸಲು ಅವಳಿಗೆ ಮನಸ್ಸಾಗಲಿಲ್ಲ, ಅಷ್ಟೆ.

ಗೊತ್ತಾದದ್ದು ನಾಲ್ಕು ದಿನಗಳ ನಂತರ. ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಕಾರ್ಮಿಕ ಮುಖಂಡರಿದ್ದಾರೆ. ಬೇರೊಂದು ಕಾರ್ಖಾನೆಯ ಸಂಘದಲ್ಲಿ ಮೂವತ್ತು ವರ್ಷ ದುಡಿದವರು. ನನ್ನನ್ನು ನೋಡಲು ಬಂದವರು ಕೈಯ ಬಗ್ಗೆ ಎರಡು ಮಾತು ಕೇಳಿ, ನೇರವಾಗಿ ವಿಷಯಕ್ಕೆ ಬಂದರು: "ಆಕ್ಸಿಡೆಂಟ್ ರಿಪೋರ್ಟ್ ಹೋಗಿದೆಯೇ?" ನಾನು ಹೆಂಡತಿಯ ಮುಖ ನೋಡಿದೆ. ಅವರು ಕುರ್ಚಿ ಎಳೆದುಕೊಂಡು ಕುಳಿತು, ಮಗುವಿಗೆ ಮಗ್ಗಿ ಹೇಳಿಕೊಡುವಂತೆ, ಒಂದೊಂದಾಗಿ ವಿವರಿಸಿದರು.

ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಪಡೆಯುವ ನನ್ನಂಥವರು 1948ರ ನೌಕರರ ರಾಜ್ಯ ವಿಮಾ ಕಾಯಿದೆಯ ಕೆಳಗೆ ಬರುತ್ತಿದ್ದೆವು. ಅದರಲ್ಲಿ ಕೆಲಸಕ್ಕೆ ಹೋಗಲಾಗದ ನೌಕರನಿಗೆ ಎರಡು ಬೇರೆ ಬೇರೆ ಬಾಗಿಲುಗಳಿದ್ದವು. ಜ್ವರವೋ ಕಾಮಾಲೆಯೋ ಬಂದರೆ ಅದು ಅನಾರೋಗ್ಯ ಭತ್ಯೆ: ದಿನದ ಸರಾಸರಿ ಕೂಲಿಯ 70 ಪ್ರತಿಶತ, ವರ್ಷಕ್ಕೆ ಹೆಚ್ಚೆಂದರೆ 91 ದಿನ, ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಏನೂ ಇಲ್ಲ, ಅದೂ ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿದ್ದರೆ ಮಾತ್ರ. ಕೆಲಸದಲ್ಲಿ ಆದ ಗಾಯವಾದರೆ ಅದು ತಾತ್ಕಾಲಿಕ ಅಶಕ್ತತಾ ಭತ್ಯೆ: 90 ಪ್ರತಿಶತ, ದಿನಗಳಿಗೆ ಮಿತಿಯಿಲ್ಲ, ವಾಸಿಯಾಗುವವರೆಗೆ, ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾಗಿದ್ದರೂ ಸರಿ. ವಾಸಿಯಾದ ಮೇಲೆಯೂ ಅಂಗದಲ್ಲಿ ಊನ ಉಳಿದರೆ, ಗಳಿಕೆಯ ಸಾಮರ್ಥ್ಯದಲ್ಲಿ ಎಷ್ಟು ನಷ್ಟವಾಯಿತೆಂದು ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ, ಆ ಪ್ರಮಾಣದಲ್ಲಿ ಬದುಕಿರುವವರೆಗೆ ತಿಂಗಳು ತಿಂಗಳು ಹಣ ಬರುತ್ತದೆ. ಬೇರೆ ಕಡೆ ದುಡಿದು ಸಂಬಳ ಪಡೆಯುತ್ತಿದ್ದರೂ ಅದು ನಿಲ್ಲುವುದಿಲ್ಲ.

"ಬಾಗಿಲ ಸಂದಿಗೆ ಸಿಕ್ಕಿತು ಎಂದು ಬರೆಸಿದ್ದರೆ ನೀನು ಮೊದಲನೆಯ ಬಾಗಿಲಿನಲ್ಲಿ ನಿಂತಿರುತ್ತಿದ್ದೆ" ಎಂದರು ಅವರು. "ಎರಡನೆಯದರ ಕೀಲಿಕೈ ಅಪಘಾತದ ವರದಿ."

ಆ ವರದಿಯನ್ನು ಫಾರಂ 12 ಎನ್ನುತ್ತಾರೆ. ಅಪಘಾತವಾದ ಇಪ್ಪತ್ನಾಲ್ಕು ಗಂಟೆಯೊಳಗೆ ಮಾಲೀಕರು ಅದನ್ನು ಇ.ಎಸ್.ಐ. ಶಾಖಾ ಕಚೇರಿಗೆ ಕಳಿಸಬೇಕು. ಕಾರ್ಖಾನೆಯಲ್ಲಿ ಅಪಘಾತ ಪುಸ್ತಕವೊಂದಿರಬೇಕು, ಅದರಲ್ಲಿ ದಿನಾಂಕ, ಸಮಯ, ಗಾಯದ ಸ್ವರೂಪ, ಕಂಡವರ ಹೆಸರು ದಾಖಲಾಗಬೇಕು. ನಾನು ಆರು ವರ್ಷ ದುಡಿದ ಜಾಗದಲ್ಲಿ ಆ ಪುಸ್ತಕವನ್ನು ಒಮ್ಮೆಯೂ ನೋಡಿರಲಿಲ್ಲ. ಕಾರ್ಖಾನೆಯವರ ಹಿಂಜರಿಕೆಗೆ ಕಾರಣವನ್ನೂ ಮುಖಂಡರೇ ಹೇಳಿದರು. ಗಾಯಾಳು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕೆಲಸದಿಂದ ದೂರ ಉಳಿದರೆ ಕಾರ್ಖಾನೆಗಳ ಕಾಯಿದೆಯ ಪ್ರಕಾರ ಇನ್ಸ್‌ಪೆಕ್ಟರಿಗೂ ಸೂಚನೆ ಹೋಗಬೇಕಾಗಿತ್ತು. ಇನ್ಸ್‌ಪೆಕ್ಟರು ಬಂದರೆ ಮೊದಲು ಕಾಣುವುದು ಆ ತಂತಿ.

ಮರುದಿನ ನನ್ನ ಹೆಂಡತಿ ಕಾರ್ಖಾನೆಗೆ ಹೋಗಿ ಕೇಳಿದಳು. ವರದಿ ಕಳಿಸಿಲ್ಲ, ಕಳಿಸುವ ಅಗತ್ಯವೂ ಇಲ್ಲ, ನರ್ಸಿಂಗ್ ಹೋಮಿನ ಬಿಲ್ಲು ಕಟ್ಟಿದ್ದೇವಲ್ಲ ಎಂಬ ಉತ್ತರ ಸಿಕ್ಕಿತು. ಈ ಮಾತನ್ನು ಆಮೇಲೆ ಬೇರೆ ಗಾಯಾಳುಗಳ ಬಾಯಿಂದಲೂ ಕೇಳಿದ್ದೇನೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆಸ್ಪತ್ರೆಯ ಬಿಲ್ಲು ಚಿಕಿತ್ಸೆಯ ಖರ್ಚು, ಅದು ಪರಿಹಾರವಲ್ಲ. ಮನೆಯ ಬಾಡಿಗೆ, ಮಕ್ಕಳ ಶುಲ್ಕ, ಮುಂದಿನ ಮೂವತ್ತು ವರ್ಷಗಳ ದುಡಿಮೆ, ಇವುಗಳಲ್ಲಿ ಒಂದಕ್ಕೂ ಆ ಬಿಲ್ಲು ಉತ್ತರ ಕೊಡುವುದಿಲ್ಲ. ಆದರೂ ಯಾರೋ ನಮ್ಮ ಬಿಲ್ಲು ಕಟ್ಟಿದ್ದಾರೆಂಬ ಋಣಭಾವ ನಮ್ಮ ಬಾಯಿ ಕಟ್ಟಿಬಿಡುತ್ತದೆ. ನನಗೂ ಎರಡು ದಿನ ಹಾಗೆಯೇ ಆಗಿತ್ತು.

ಮಾಲೀಕರು ಸುಮ್ಮನಿದ್ದರೆ ನೌಕರ ತಾನೇ ಅಪಘಾತದ ಸೂಚನೆ ಕೊಡಬಹುದು, ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ನಾನು ಬರೆಯಲು ಕುಳಿತೆ. ಹೆಂಡತಿ ತಾನು ಬರೆದುಕೊಡುತ್ತೇನೆಂದಳು, ಆದರೆ ಮುಖಂಡರು ನನ್ನ ಕೈಬರಹವೇ ಇರಲಿ ಎಂದರು. ಬಲಗೈ ಎದೆಯ ಮೇಲೆ ಜೋಳಿಗೆಯಲ್ಲಿ ತೂಗುತ್ತಿತ್ತು. ಎಡಗೈಯಲ್ಲಿ ಪೆನ್ನು ಹಿಡಿದರೆ ಹಾಳೆ ಜಾರುತ್ತದೆ, ಹಾಳೆ ಒತ್ತಿ ಹಿಡಿಯಲು ಇನ್ನೊಂದು ಕೈಯಿಲ್ಲ. ನನ್ನ ಮಗಳು ಹಾಳೆಯ ಮೇಲಂಚನ್ನು ಎರಡು ಬೆರಳುಗಳಿಂದ ಒತ್ತಿ ಹಿಡಿದು ನಿಂತಳು. ಅಪಘಾತದ ದಿನಾಂಕ, ಸಮಯ, ಯಂತ್ರದ ಸಂಖ್ಯೆ, ಮಾಡುತ್ತಿದ್ದ ಕೆಲಸ, ಪಕ್ಕದ ಯಂತ್ರದಲ್ಲಿದ್ದ ಇಬ್ಬರ ಹೆಸರು, ಕರೆದೊಯ್ದ ಆಸ್ಪತ್ರೆ, ನನ್ನ ವಿಮಾ ಸಂಖ್ಯೆ. ಒಟ್ಟು ಹನ್ನೊಂದು ಸಾಲು, ಒಂದೂವರೆ ಗಂಟೆ. "ಗುಂಡಿ" ಎಂಬ ಪದದ ಅನುಸ್ವಾರ ಮೂರು ಬಾರಿ ತಪ್ಪಿ ಬೇರೆ ಅಕ್ಷರದ ತಲೆಯ ಮೇಲೆ ಕುಳಿತಿತು. ಒಂದು ಪ್ರತಿ ಕಾರ್ಖಾನೆಗೆ, ಇನ್ನೊಂದು ಶಾಖಾ ಕಚೇರಿಗೆ, ಎರಡನ್ನೂ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ಮೂರನೆಯದು ನಮ್ಮಲ್ಲಿಯೇ ಉಳಿಯಿತು.

ಶಾಖಾ ಕಚೇರಿಯಿಂದ ಕಾರ್ಖಾನೆಗೆ ಪತ್ರ ಹೋಯಿತು. ಒಂದು ವಾರದಲ್ಲಿ ಫಾರಂ 12 ಬಂತು, ಆದರೆ ಅದರಲ್ಲಿ "ನೌಕರನು ಸುರಕ್ಷತಾ ಸಾಧನವನ್ನು ತಾನೇ ನಿಷ್ಕ್ರಿಯಗೊಳಿಸಿ ಅಜಾಗರೂಕತೆಯಿಂದ ಕೆಲಸ ಮಾಡಿದ್ದರಿಂದ" ಎಂಬ ಮಾತು ಸೇರಿತ್ತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಏಕೆಂದರೆ ತಂತಿ ಕಟ್ಟಿದ್ದು ನಾನಲ್ಲದಿದ್ದರೂ ಅದನ್ನು ಬಿಚ್ಚದೆ ದುಡಿದವನು ನಾನೇ. ಎಲ್ಲವೂ ಕೈತಪ್ಪಿತೆಂದುಕೊಂಡೆ. ಕಾಯಿದೆ ಹಾಗೆ ನೋಡುವುದಿಲ್ಲವೆಂದು ತಿಳಿದದ್ದು ಶಾಖಾ ಕಚೇರಿಯಲ್ಲಿ. ಕೆಲಸದ ಅವಧಿಯಲ್ಲಿ ಆದ ಅಪಘಾತವನ್ನು, ವಿರುದ್ಧ ಸಾಕ್ಷ್ಯವಿಲ್ಲದಿದ್ದರೆ, ಕೆಲಸದ ಕಾರಣದಿಂದಲೇ ಆದದ್ದೆಂದು ಭಾವಿಸಬೇಕು ಎನ್ನುತ್ತಿತ್ತು 51ಎ ಕಲಂ. ನಿಯಮ ಮೀರಿ ಅಥವಾ ಆದೇಶವಿಲ್ಲದೆ ಮಾಡಿದ ಕೆಲಸವಾದರೂ, ಅದನ್ನು ಮಾಲೀಕರ ವ್ಯವಹಾರಕ್ಕಾಗಿಯೇ ಮಾಡುತ್ತಿದ್ದರೆ ಅದೂ ಉದ್ಯೋಗದ ಗಾಯವೇ ಎನ್ನುತ್ತಿತ್ತು 51ಬಿ. ನಾನು ಪ್ರೆಸ್ಸಿನ ಮುಂದೆ ಕುಳಿತು ತಯಾರಿಸುತ್ತಿದ್ದದ್ದು ಕಾರ್ಖಾನೆಯ ಬ್ರಾಕೆಟ್ಟುಗಳನ್ನು, ನನ್ನ ಮನೆಯ ಸಾಮಾನನ್ನಲ್ಲ. ಈ ಎರಡು ಕಲಮುಗಳನ್ನು ಬರೆದವರು ಕಾರ್ಖಾನೆಯೊಳಗಿನ ಬದುಕನ್ನು ಬಲ್ಲವರು ಎಂದು ನನಗೆ ಇಂದಿಗೂ ಅನಿಸುತ್ತದೆ. ತಪ್ಪು ಯಾರದೆಂಬ ವಾದದಲ್ಲಿ ಗಾಯಾಳುವಿನ ಊಟ ಸಿಕ್ಕಿಕೊಳ್ಳದಂತೆ ಅವರು ನೋಡಿಕೊಂಡಿದ್ದಾರೆ.

ಸೆಪ್ಟೆಂಬರ್ ಮಧ್ಯದಲ್ಲಿ ನನ್ನ ಗಾಯ ಉದ್ಯೋಗದ ಗಾಯವೆಂದು ಒಪ್ಪಿತವಾಯಿತು.

ಇದರ ನಡುವೆಯೇ ಇನ್ನೊಂದು ಸೆಳೆತ ಬಂದಿತ್ತು. ನರ್ಸಿಂಗ್ ಹೋಮಿನಲ್ಲಿದ್ದಾಗಲೇ ಒಬ್ಬರು ಬಂದು, ಪರಿಹಾರದ ಮೊಕದ್ದಮೆ ಹಾಕಿಸಿ ಒಮ್ಮೆಲೇ ಲಕ್ಷಗಟ್ಟಲೆ ಕೊಡಿಸುತ್ತೇನೆಂದು ಹೇಳಿ, ಖಾಲಿ ವಕಾಲತ್ತು ಹಾಳೆಗೆ ಹೆಬ್ಬೆಟ್ಟು ಕೇಳಿದ್ದರು. ಅವರು ಹೇಳುತ್ತಿದ್ದದ್ದು 1923ರ ನೌಕರರ ಪರಿಹಾರ ಕಾಯಿದೆಯ ವಿಷಯ. ಅದು ಇ.ಎಸ್.ಐ. ವ್ಯಾಪ್ತಿಯ ಹೊರಗಿದ್ದವರ ದಾರಿಯಾಗಿತ್ತು. ವಿಮೆಯಿರುವ ನೌಕರ ಅದೇ ಗಾಯಕ್ಕೆ ಆ ಕಾಯಿದೆಯ ಕೆಳಗೆ ಪರಿಹಾರ ಕೇಳುವಂತಿಲ್ಲವೆಂದು ಇ.ಎಸ್.ಐ. ಕಾಯಿದೆಯ 53ನೆಯ ಕಲಂ ಸ್ಪಷ್ಟವಾಗಿ ಹೇಳುತ್ತಿತ್ತು. ನಮ್ಮದೇ ಕಾರ್ಖಾನೆಯ ಒಬ್ಬ ಮೇಲ್ವಿಚಾರಕರು, ಸಂಬಳ 21,000 ದಾಟಿದ್ದರಿಂದ ಇ.ಎಸ್.ಐ.ಯಿಂದ ಹೊರಗಿದ್ದವರು, ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡಾಗ ಹೋದದ್ದು ಆ ದಾರಿಯಲ್ಲಿಯೇ. ಅಲ್ಲಿ ತಾತ್ಕಾಲಿಕ ಅಶಕ್ತತೆಗೆ ಹದಿನೈದು ದಿನಕ್ಕೊಮ್ಮೆ ಸಿಗುತ್ತಿದ್ದದ್ದು ತಿಂಗಳ ಸಂಬಳದ ಕಾಲುಭಾಗ, ಲೆಕ್ಕಕ್ಕೆ ಹಿಡಿಯುತ್ತಿದ್ದ ಸಂಬಳದ ಮಿತಿ 2020ರ ಜನವರಿಯಿಂದ 15,000 ರೂಪಾಯಿಯಾಗಿತ್ತು. ಅವರಿಗೆ ಸಿಗುತ್ತಿದ್ದದ್ದು ಎಷ್ಟೇ ಇರಲಿ, ಲೆಕ್ಕ ಅಲ್ಲಿಗೇ ನಿಲ್ಲುತ್ತಿತ್ತು. ಎರಡು ದಾರಿಗಳಲ್ಲಿ ಯಾವುದು ತನ್ನದೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿದವರು ವರ್ಷಗಟ್ಟಲೆ ತಪ್ಪು ಬಾಗಿಲು ತಟ್ಟುತ್ತಾರೆ. ನಾನು ಒತ್ತಲಿಲ್ಲ, ಅದು ನನ್ನ ಜಾಣತನದಿಂದಲ್ಲ, ಹೆಂಡತಿ ಆ ಹಾಳೆಯನ್ನು ಓದಲು ಕೇಳಿದ್ದರಿಂದ.

ಭತ್ಯೆ ಬರಲು ಆರಂಭವಾದಾಗ ಇನ್ನೊಂದು ವಿಷಯ ಬೆಳಕಿಗೆ ಬಂತು, ಅದರ ನೋವು ನನಗೆ ಬೆರಳಿನ ನೋವಿಗಿಂತ ಕಡಿಮೆಯಾಗಿರಲಿಲ್ಲ. ಆಗಸ್ಟ್ ತಿಂಗಳಿನ ಅಪಘಾತಕ್ಕೆ ಹಿಂದಿನ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗಿನ ಕೂಲಿ ಲೆಕ್ಕಕ್ಕೆ ಬರುತ್ತದೆ. ಆ 182 ದಿನಗಳಲ್ಲಿ ನನಗೆ ತಿಂಗಳಿಗೆ 18,500 ರೂಪಾಯಿ ಸಿಗುತ್ತಿತ್ತು, ಅಂದರೆ ದಿನಕ್ಕೆ ಸುಮಾರು 610 ರೂಪಾಯಿ. ಅದರ 90 ಪ್ರತಿಶತ ಸುಮಾರು 549. ಖಾತೆಗೆ ಬಂದದ್ದು ದಿನಕ್ಕೆ 430ರ ಲೆಕ್ಕದಲ್ಲಿ. ಶಾಖಾ ಕಚೇರಿಯ ಗುಮಾಸ್ತರು ಕಂಪ್ಯೂಟರಿನ ಪರದೆಯನ್ನು ನನ್ನತ್ತ ತಿರುಗಿಸಿದರು. ಆರೂ ತಿಂಗಳ ಎದುರು 14,500 ಎಂದಿತ್ತು. ಉಳಿದ 4,000 ರೂಪಾಯಿಯನ್ನು ಕಾರ್ಖಾನೆಯವರು ಓವರ್‌ಟೈಮ್ ಎಂದು ಕಂದು ಲಕೋಟೆಯಲ್ಲಿ ಕೈಗೆ ಕೊಡುತ್ತಿದ್ದರು, ಅದನ್ನು ಇ.ಎಸ್.ಐ.ಗೆ ತೋರಿಸಿರಲೇ ಇಲ್ಲ. ಓವರ್‌ಟೈಮಿಗೂ ವಂತಿಗೆ ಕಟ್ಟಬೇಕೆಂಬುದು ಆಗಿನ ನಿಯಮ. 2019ರ ಜುಲೈಯಿಂದ ಮಾಲೀಕರ ಪಾಲು 3.25 ಪ್ರತಿಶತ, ನೌಕರನದು 0.75. ನಾಲ್ಕು ಸಾವಿರಕ್ಕೆ ಮಾಲೀಕರು ಕಟ್ಟಬೇಕಾಗಿದ್ದದ್ದು ತಿಂಗಳಿಗೆ 130 ರೂಪಾಯಿ, ನಾನು 30.

ಆ 130 ರೂಪಾಯಿಯ ಉಳಿತಾಯದಿಂದ ನನ್ನ ದಿನದ ಭತ್ಯೆಯಲ್ಲಿ 119 ರೂಪಾಯಿ ಕಡಿಮೆಯಾಗಿತ್ತು. ಲಕೋಟೆ ಕೈಗೆ ಬಂದಾಗಲೆಲ್ಲ ಕಡಿತವಿಲ್ಲದ ಹಣವೆಂದು ನಾನೂ ಸಂತೋಷಪಟ್ಟಿದ್ದೆ, ನಮ್ಮ ಸಾಲಿನ ಎಲ್ಲರೂ ಪಟ್ಟಿದ್ದರು. ಲಕೋಟೆಯಲ್ಲಿ ಬಂದ ಹಣ ಕೆಲಸ ಮಾಡುವ ದಿನಗಳಿಗೆ ಮಾತ್ರ ನಮ್ಮದು. ಮಲಗಿದ ದಿನ ಅದು ಇಲ್ಲವೇ ಇಲ್ಲ.

ನನ್ನ ಬಳಿ ಸಾಕ್ಷ್ಯವೆಂದು ಇದ್ದದ್ದು ಒಂದು ಸಣ್ಣ ಕಿಸೆಪುಸ್ತಕ. ಪ್ರತಿದಿನ ಎಷ್ಟು ಗಂಟೆ ಹೆಚ್ಚು ದುಡಿದೆನೆಂದು ಅದರಲ್ಲಿ ಬರೆದಿಡುವ ಅಭ್ಯಾಸ ನನಗೆ ಐ.ಟಿ.ಐ. ದಿನಗಳಿಂದಲೂ ಇತ್ತು. ಅದರೊಂದಿಗೆ, ಲಕೋಟೆ ಕೊಡುವಾಗ ಸಹಿ ಹಾಕಿಸಿಕೊಳ್ಳುತ್ತಿದ್ದ ವೋಚರುಗಳಲ್ಲಿ ಎರಡರ ಫೋಟೋ ಒಬ್ಬ ಸಹೋದ್ಯೋಗಿಯ ಮೊಬೈಲಿನಲ್ಲಿತ್ತು. ಇವನ್ನು ಜೋಡಿಸಿ ದೂರು ಬರೆದೆವು. ಮಾಲೀಕರು ವಂತಿಗೆಯನ್ನು ಕಡಿಮೆ ಕಟ್ಟಿದ್ದರಿಂದ ನೌಕರನಿಗೆ ಭತ್ಯೆ ಕಡಿಮೆಯಾದರೆ, ಇ.ಎಸ್.ಐ. ನಿಗಮ ಪೂರ್ಣ ಭತ್ಯೆ ಕೊಟ್ಟು ವ್ಯತ್ಯಾಸವನ್ನು ಮಾಲೀಕರಿಂದ ವಸೂಲು ಮಾಡಬಹುದೆಂದು 68ನೆಯ ಕಲಂ ಹೇಳುತ್ತಿತ್ತು. ತಪಾಸಣೆ ಬರುವ ಸುಳಿವು ಸಿಕ್ಕಾಗ ಕಾರ್ಖಾನೆಯವರು ತಾವಾಗಿಯೇ ನಮ್ಮ ಸಾಲಿನ ಹದಿನಾಲ್ಕು ಮಂದಿಯ ಬಾಕಿ ವಂತಿಗೆಯನ್ನು ವಾರ್ಷಿಕ 12 ಪ್ರತಿಶತ ಬಡ್ಡಿಯೊಂದಿಗೆ ಕಟ್ಟಿದರು. ನನ್ನ ದರ ತಿದ್ದುಪಡಿಯಾಗಿ ಹಿಂದಿನ ವ್ಯತ್ಯಾಸ ಖಾತೆಗೆ ಬಂದದ್ದು 2023ರ ಫೆಬ್ರವರಿಯಲ್ಲಿ.

ಮಲಗಿದ್ದ ದಿನಗಳ ದಿನಚರಿಯ ಬಗ್ಗೆ ಕೆಲವೇ ಮಾತು. ಡಿಸ್ಪೆನ್ಸರಿಯ ವೈದ್ಯರು ಕೊಡುವ ಪ್ರಮಾಣಪತ್ರಗಳು ಒಂದಕ್ಕೊಂದು ಕೊಂಡಿಯಾಗಿ ಸಾಗಬೇಕು. ಒಂದರ ಕೊನೆಯ ದಿನಕ್ಕೂ ಇನ್ನೊಂದರ ಮೊದಲ ದಿನಕ್ಕೂ ನಡುವೆ ಒಂದು ದಿನ ಬಿಟ್ಟುಹೋದರೂ ಆ ದಿನದ ಭತ್ಯೆಗೆ ಆಧಾರವಿಲ್ಲದಂತಾಗುತ್ತದೆ. ದಸರಾ ರಜೆಯ ವಾರದಲ್ಲಿ ನನಗೆ ಹಾಗೆಯೇ ಎರಡು ದಿನ ತಪ್ಪುವುದರಲ್ಲಿತ್ತು. ಪ್ರತಿ ಪ್ರಮಾಣಪತ್ರದೊಂದಿಗೆ ಕೋರಿಕೆ ಪತ್ರ ಫಾರಂ 9 ತುಂಬಬೇಕು, ಅದಕ್ಕೆ ಸಹಿ ಬೇಕು. ದಾಖಲೆಯಲ್ಲಿದ್ದ ನನ್ನ ಸಹಿ ಬಲಗೈಯದು. ಎಡಗೈಯ ಸಹಿ ಹೊಂದುವುದಿಲ್ಲವೆಂದು ಮೊದಲ ಫಾರಂ ಹಿಂದಿರುಗಿದಾಗ, ಎಡ ಹೆಬ್ಬೆಟ್ಟಿನ ಗುರುತು ಹಾಕಿ ವೈದ್ಯರಿಂದ ದೃಢೀಕರಿಸಿ ಕೊಟ್ಟೆ. ಹದಿನೈದು ವರ್ಷ ಸಹಿ ಹಾಕಿದವನು ಶಾಯಿಯ ಮೆತ್ತೆಗೆ ಬೆರಳೊತ್ತುವಾಗ ಮನಸ್ಸು ಮುದುಡುತ್ತದೆ. ಅಂದಿನಿಂದ ಪ್ರತಿ ರಾತ್ರಿ ಮಗಳ ಕಾಪಿ ಪುಸ್ತಕದಲ್ಲಿ ಎಡಗೈಯಲ್ಲಿ ಒಂದು ಪುಟ ಬರೆಯತೊಡಗಿದೆ.

ಅಕ್ಟೋಬರಿನಲ್ಲಿ ಕಾರ್ಖಾನೆಯಿಂದ ಕರೆ ಬಂತು. ಯಂತ್ರ ಮುಟ್ಟುವುದು ಬೇಡ, ಬಂದು ಕುಳಿತು ತುಂಡುಗಳನ್ನು ಎಣಿಸಿದರೆ ಸಾಕು, ಅರ್ಧ ಸಂಬಳ ಕೊಡುತ್ತೇವೆ, ಬರದಿದ್ದರೆ ಕೆಲಸ ಉಳಿಯುವುದು ಕಷ್ಟ ಎಂದರು. ಕೂಲಿ ಪಡೆದ ದಿನಗಳಿಗೆ ತಾತ್ಕಾಲಿಕ ಭತ್ಯೆ ಇರುವುದಿಲ್ಲ. ಅರ್ಧ ಸಂಬಳಕ್ಕೆ ಹೋಗಿದ್ದರೆ ಶೇಕಡ 90ನ್ನು ಬಿಟ್ಟು 50ಕ್ಕೆ ಇಳಿದಂತಾಗುತ್ತಿತ್ತು, ಗಾಯವೂ ಆರಿರಲಿಲ್ಲ. ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲವೆಂದು 73ನೆಯ ಕಲಂ ಇತ್ತು. ಅದನ್ನು ಉಲ್ಲೇಖಿಸಿ ವಿನಯದಿಂದಲೇ ಒಂದು ಪತ್ರ ಬರೆದೆ. ಆಮೇಲೆ ಕರೆ ಬರಲಿಲ್ಲ. ನವೆಂಬರ್ 30ರವರೆಗೆ, ಒಟ್ಟು 105 ದಿನ ಭತ್ಯೆ ಸಿಕ್ಕಿತು, ತಿದ್ದಿದ ದರದಲ್ಲಿ 57,000 ರೂಪಾಯಿಗೂ ಹೆಚ್ಚು. ಬಾಗಿಲಿನ ಕಥೆ ಕಾಗದದಲ್ಲಿ ಉಳಿದಿದ್ದರೆ, ಹಳೆಯ ದರದಲ್ಲಿ, 70 ಪ್ರತಿಶತದ ಲೆಕ್ಕದಲ್ಲಿ, 91 ದಿನಗಳಿಗೆ ಸಿಗುತ್ತಿದ್ದದ್ದು ಸುಮಾರು 30,000, ಆಮೇಲೆ ಏನೂ ಇಲ್ಲ.

ಡಿಸೆಂಬರಿನಲ್ಲಿ ಅಂತಿಮ ಪ್ರಮಾಣಪತ್ರದೊಂದಿಗೆ ಕೆಲಸಕ್ಕೆ ಮರಳಿದೆ, ಉಗ್ರಾಣಕ್ಕೆ ಹಾಕಿದರು. ವೈದ್ಯಕೀಯ ಮಂಡಳಿಯ ಮುಂದೆ ಹಾಜರಾದದ್ದು 2023ರ ಏಪ್ರಿಲ್‌ನಲ್ಲಿ. ಮೇಜಿನ ಹಿಂದೆ ಕುಳಿತಿದ್ದ ವೈದ್ಯರಲ್ಲಿ ಒಬ್ಬರು ನನ್ನ ಕೈಯನ್ನು ಬಿಳಿ ಹಾಳೆಯ ಮೇಲೆ ಇರಿಸಿ, ಉಳಿದ ಬೆರಳ ಮೋಟನ್ನು ಅಳತೆಪಟ್ಟಿಯಿಂದ ಅಳೆದರು. ಮೇಜಿನ ಮೇಲಿದ್ದ ಗುಂಡುಸೂಜಿಯನ್ನು ಎತ್ತಿಕೊಡಲು ಹೇಳಿದರು. ಹೆಬ್ಬೆರಳು ಮತ್ತು ತೋರುಬೆರಳಿನ ಕೆಲಸವನ್ನು ಹೆಬ್ಬೆರಳು ಮತ್ತು ನಡುಬೆರಳಿಗೆ ವಹಿಸಿದೆ. ನಡುಬೆರಳು ಮಡಿಯುವುದಿಲ್ಲ, ಸೂಜಿ ಎರಡು ಬಾರಿ ಜಾರಿತು. ಮೂರನೆಯ ಬಾರಿ ಉಂಗುರದ ಬೆರಳಿನಿಂದ ಮೇಜಿನ ಅಂಚಿಗೆ ತಳ್ಳಿ ಎತ್ತಿದೆ. "ಇದನ್ನು ನೀವೇ ಕಲಿತಿರಾ?" ಎಂದು ಕೇಳಿದರು. ಹೌದೆಂದೆ.

ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ಒಂದೊಂದು ಅಂಗಕ್ಕೂ ಒಂದು ಅಂಕಿಯಿತ್ತು. ತೋರುಬೆರಳು ಪೂರ್ತಿ ಹೋದರೆ 14 ಪ್ರತಿಶತ, ಎರಡು ಗೆಣ್ಣು ಹೋದರೆ 11, ಒಂದು ಹೋದರೆ 9, ಹೆಬ್ಬೆರಳಿಗೆ 30. ತನ್ನ ದೇಹದ ತುಂಡುಗಳ ಎದುರು ಅಂಕಿಗಳನ್ನು ಓದುವುದು ಸುಲಭವಲ್ಲ. ಆದರೂ ಆ ಪಟ್ಟಿ ಇರುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ, ಏಕೆಂದರೆ ಪಟ್ಟಿಯಲ್ಲಿರುವ ಗಾಯಕ್ಕೆ ಚೌಕಾಸಿಯಿಲ್ಲ. ನನಗೆ 11 ಎಂದು ತೀರ್ಮಾನವಾಯಿತು. ನಡುಬೆರಳಿನ ಬಿಗಿತ ಪಟ್ಟಿಯಲ್ಲಿಲ್ಲದ ಊನ, ಅದನ್ನು ವೈದ್ಯರು ನೋಡಿ ತೂಗಬೇಕು. ಅದರ ಎಕ್ಸ್‌ರೇ ಮತ್ತು ಫಿಸಿಯೋಥೆರಪಿಯ ಟಿಪ್ಪಣಿಗಳನ್ನು ನಾನು ಕಡತಕ್ಕೆ ಸೇರಿಸಿರಲಿಲ್ಲ, ಹೋದ ಬೆರಳಿನ ಕಾಗದಗಳನ್ನಷ್ಟೇ ಒಯ್ದಿದ್ದೆ. ಉಳಿದ ಬೆರಳೂ ಗಾಯಗೊಂಡದ್ದೆಂಬುದು ನನ್ನ ಮನಸ್ಸಿನಿಂದಲೇ ಮರೆಯಾಗಿತ್ತು.

ಮಂಡಳಿಯ ತೀರ್ಮಾನದ ವಿರುದ್ಧ ಮೂರು ತಿಂಗಳೊಳಗೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು, ಇಲ್ಲವೇ ನೇರವಾಗಿ ನೌಕರರ ವಿಮಾ ನ್ಯಾಯಾಲಯಕ್ಕೆ. ಇನ್ನೆರಡು ಮೂರು ಪ್ರತಿಶತಕ್ಕಾಗಿ ಇಷ್ಟೆಲ್ಲ ಓಡಾಟವೇಕೆ ಎಂದು ಮನೆಯಲ್ಲಿ ಚರ್ಚೆಯಾಯಿತು. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ: ಪ್ರತಿ ಒಂದು ಪ್ರತಿಶತಕ್ಕೆ ತಿಂಗಳಿಗೆ ಸುಮಾರು 165 ರೂಪಾಯಿ, ಅದೂ ಬದುಕಿರುವವರೆಗೆ. ಆಗ ನನಗೆ ಮೂವತ್ತಾರು ವರ್ಷ. ಎಕ್ಸ್‌ರೇಗಳೊಂದಿಗೆ ಮೇಲ್ಮನವಿ ಸಲ್ಲಿಸಿದೆ. 2024ರ ಜನವರಿಯಲ್ಲಿ ನಡುಬೆರಳಿಗೆ 3 ಸೇರಿ ಒಟ್ಟು 14 ಪ್ರತಿಶತವಾಯಿತು. ದಿನಕ್ಕೆ ಸುಮಾರು 77 ರೂಪಾಯಿ, ತಿಂಗಳಿಗೆ 2,300ರ ಆಸುಪಾಸು. ಕೂಲಿಯನ್ನು ತಿದ್ದಿಸದೆ ಹಾಗೆಯೇ ಬಿಟ್ಟಿದ್ದರೆ ಇದೇ 14 ಪ್ರತಿಶತಕ್ಕೆ 1,800 ಬರುತ್ತಿತ್ತು. ಫಾರಂ 14 ತುಂಬಿ ಕೊಟ್ಟ ಮೇಲೆ 2022ರ ಡಿಸೆಂಬರ್ 1ರಿಂದ ಲೆಕ್ಕ ಹಾಕಿ ಬಾಕಿ ಹಣ ಒಟ್ಟಾಗಿ ಬಂತು.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ನಾನು ಮೇಲೆ ಹೇಳಿದ ಇ.ಎಸ್.ಐ. ಮತ್ತು ನೌಕರರ ಪರಿಹಾರದ ಎರಡೂ ಹಳೆಯ ಕಾಯಿದೆಗಳ ಸ್ಥಾನವನ್ನು ತೆಗೆದುಕೊಂಡಿದೆ. ಆದ್ದರಿಂದ ನಾನು ಕೊಟ್ಟಿರುವ ಕಲಂ ಸಂಖ್ಯೆಗಳು ನನ್ನ ಕಾಲದವು. ಈಗ ಗಾಯಗೊಂಡವರು ಹೊಸ ಸಂಹಿತೆಯ ಕಲಮುಗಳನ್ನೇ ನೋಡಿಕೊಳ್ಳಬೇಕು.

ಉಗ್ರಾಣದ ನನ್ನ ಮೇಜಿನ ಎಡಗಡೆಯ ಖಾನೆಯಲ್ಲಿ ಈಗ ಅಪಘಾತ ಪುಸ್ತಕವಿದೆ. ತಪಾಸಣೆಯ ನಂತರ ಅದನ್ನು ಸಿಬ್ಬಂದಿ ವಿಭಾಗದ ಬೀರುವಿನಿಂದ ತಂದು ಎಲ್ಲರ ಕೈಗೆ ಸಿಗುವಲ್ಲಿ ಇಡಬೇಕೆಂದು ನಾವು ಕೇಳಿಕೊಂಡೆವು, ಒಪ್ಪಿದರು. ಕಳೆದ ತಿಂಗಳು ಕಟಿಂಗ್ ವಿಭಾಗದ ಒಬ್ಬ ಹುಡುಗ ಅಂಗೈಗೆ ಬಟ್ಟೆ ಸುತ್ತಿಕೊಂಡು ಬಂದು, ಸಣ್ಣ ಗೀರು, ಬರೆಯುವುದೇನೂ ಬೇಡ ಎಂದ. ಬಟ್ಟೆಯನ್ನು ಬಿಚ್ಚಿಸಿ ನೋಡಿದೆ, ಹೆಬ್ಬೆರಳ ಬುಡದಲ್ಲಿ ತಗಡು ಆಳವಾಗಿಯೇ ಇಳಿದಿತ್ತು. ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಗಾಡಿ ಬರುವಷ್ಟರಲ್ಲಿ ಸಮಯ, ಯಂತ್ರದ ಸಂಖ್ಯೆ, ಕಂಡವರ ಹೆಸರುಗಳನ್ನು ಕೇಳಿ ಎಡಗೈಯಲ್ಲಿ ಬರೆದುಕೊಂಡೆ. ಅವನ ಸಹಿಗೆ ಜಾಗ ಬಿಟ್ಟು, ಕೆಳಗೆ ನನ್ನ ಸಹಿ ಹಾಕಿದೆ.